ಇಸ್ತ್ರಿ ಮಾಡಿದ ಬೆಳಕು

ಡಿಗ್ರಿ ಕಾಲೇಜುಗಳಿಗೆ ಹೊಸದಾಗಿ ಫಿಸಿಕ್ಸ್ ಪಾಠ ಮಾಡಲು ಸೇರಿದವರು ಆಗಾಗ ಹೊನ್ನಾಳಿಯ ನಮ್ಮ ಮನೆಗೆ ಬರುತ್ತಾರೆ. ಸಣ್ಣ ಊರಿನಲ್ಲಿ ಕೂತು ಸಂಶೋಧನೆ ಮಾಡಲು ಏನೇನು ಬೇಕು ಎಂದು ಕೇಳುತ್ತಾರೆ. ಲ್ಯಾಪ್‌ಟಾಪ್ ಬೇಕು, ಇಂಟರ್ನೆಟ್ ಬೇಕು, ತಾಳ್ಮೆ ಬೇಕು ಎಂದು ನಾನು ಹೇಳುತ್ತೇನೆಂದು ಕಾಯುತ್ತಾರೆ. ಅವೆಲ್ಲ ಬೇಕು, ಸುಳ್ಳಲ್ಲ. ಆದರೆ ಮೂವತ್ತು ಚಿಲ್ಲರೆ ವರ್ಷ ನನ್ನ ಜೊತೆ ತಪ್ಪದೆ ಡ್ಯೂಟಿಗೆ ಬಂದದ್ದು ಹೊಟ್ಟೆಕಿಚ್ಚು. ಅದು ಒಂದು ದಿನವೂ ರಜೆ ಹಾಕಲಿಲ್ಲ. ನನಗೆ ಎಲ್ಲಿಗೆ ವರ್ಗವಾದರೂ ನನಗಿಂತ ಮೊದಲೇ ಅಲ್ಲಿಗೆ ಹೋಗಿ ಸ್ಟಾಫ್ ರೂಮಿನಲ್ಲಿ ಕುರ್ಚಿ ಹಿಡಿದು ಕೂತಿರುತ್ತಿತ್ತು. ಬೀಳ್ಕೊಡುಗೆಯ ದಿನ ಶಾಲು ಹೊದಿಸಿ ಮಾತಾಡಿದವರಲ್ಲಿ ಯಾರೂ ಅದರ ಹೆಸರೆತ್ತಲಿಲ್ಲ. ಹಾಗಾಗಿ ನಾನೇ ಎತ್ತುತ್ತಿದ್ದೇನೆ.

ನನ್ನ ಮೊದಲ ಕಾಲೇಜು ಹೊನ್ನಾಳಿಯದು. ಅಲ್ಲಿ ನಮ್ಮ ವಿಭಾಗದ ಮುಖ್ಯಸ್ಥರು ಹಾಲಪ್ಪ ಮೇಷ್ಟ್ರು. ಪಾಠದಲ್ಲಿ ಪಂಡಿತರು, ಆದರೆ ಲ್ಯಾಬಿನ ಒಂದೇ ಒಂದು ಒಳ್ಳೆಯ ಸ್ಪೆಕ್ಟ್ರೋಮೀಟರನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಜನಿವಾರಕ್ಕೋ ಉಡಿದಾರಕ್ಕೋ ಕಟ್ಟಿಕೊಂಡವರಂತೆ ಸದಾ ಮೈಮೇಲೇ ಇಟ್ಟುಕೊಂಡಿರುತ್ತಿದ್ದರು. ಪರೀಕ್ಷೆಯ ದಿನ ಮಾತ್ರ ಅದು ಹೊರಗೆ ಬರುತ್ತಿತ್ತು. ಉಳಿದ ದಿನ ಮಕ್ಕಳು ಗಾಜಿನಾಚೆಯಿಂದ ದರ್ಶನ ಮಾಡಿಕೊಂಡು ಹೋಗಬೇಕು. ಒಮ್ಮೆ ನಾನು ಕೀಲಿ ಕೇಳಿದೆ.

"ಮುಟ್ಟಿದ್ರೆ ಹಾಳಾಗ್ತೈತೆ ಕಣಮ್ಮ ಗಿರಿಜಾ" ಎಂದರು.

"ಮುಟ್ಟದಿದ್ರೆ ಕಲಿಯೋದು ಹೆಂಗೆ ಸಾರ್?"

"ಕಲ್ತವ್ರು ಏನ್ ಮಾಡ್ತಾರೆ ಗೊತ್ತೇನು? ನಮ್ಮನ್ನೇ ಪ್ರಶ್ನೆ ಕೇಳ್ತಾರೆ."

ನಾನು ಎಚ್‌ಒಡಿ ಆದ ದಿನ ಯಾವುದಕ್ಕೂ ಬೀಗ ಹಾಕುವುದಿಲ್ಲ ಎಂದು ಅವತ್ತೇ ಮನಸ್ಸಿನಲ್ಲಿ ಶಪಥ ಮಾಡಿದೆ. ಆ ಶಪಥ ಏನಾಯಿತು ಎಂಬುದೇ ಈ ಬರಹ.

ನಕ್ಷತ್ರಗಳ ಹುಚ್ಚು ಹಿಡಿದದ್ದು ಬಹಳ ತಡವಾಗಿ, ಜಗಳೂರಿಗೆ ವರ್ಗವಾದ ಮೇಲೆ. ಒಂದು ರಿಫ್ರೆಶರ್ ಕೋರ್ಸಿನಲ್ಲಿ ವಸುಧಾ ಎಂಬ ಖಗೋಳ ವಿಜ್ಞಾನಿ ಪಾಠ ಮಾಡಿದರು. ಆಕಾಶದಲ್ಲಿ ಒಂದು ಉಪಗ್ರಹವಿದೆ, ಅದು ತಿಂಗಳಿಗೊಂದು ತುಂಡು ಆಕಾಶವನ್ನು ಕಣ್ಣು ಮಿಟುಕಿಸದೆ ನೋಡುತ್ತದೆ, ಅದು ಅಳೆದ ಬೆಳಕಿನ ಲೆಕ್ಕವನ್ನೆಲ್ಲ ಯಾರು ಬೇಕಾದರೂ ಇಳಿಸಿಕೊಳ್ಳಬಹುದು ಎಂದರು. ನಕ್ಷತ್ರದ ಮುಂದೆ ಏನಾದರೂ ಹಾದುಹೋದರೆ ಬೆಳಕು ಒಂದಿಷ್ಟು ಮಂಕಾಗುತ್ತದೆ, ಗ್ರಾಫಿನಲ್ಲಿ ಸಣ್ಣ ಗುಳಿ ಬೀಳುತ್ತದೆ. ಗುಳಿ ಹುಡುಕಲು ದೂರದರ್ಶಕ ಬೇಡ, ರಾತ್ರಿ ನಿದ್ದೆಗೆಡಬೇಕಿಲ್ಲ. ಮಧ್ಯಾಹ್ನ ಎರಡು ಗಂಟೆಗೆ, ಪ್ರಾಕ್ಟಿಕಲ್ ಇಲ್ಲದ ದಿನ, ಫ್ಯಾನಿನ ಕೆಳಗೆ ಕೂತು ಹುಡುಕಬಹುದು.

ಎಲ್ಲರೂ ಗ್ರಹ ಹುಡುಕುತ್ತಿದ್ದಾರೆ, ನೀವು ಬಿಸಿ ನಕ್ಷತ್ರಗಳ ಸುತ್ತ ಕಂದು ಕುಬ್ಜಗಳನ್ನು ಹುಡುಕಿ ಎಂದವರೂ ವಸುಧಾ ಮೇಡಮ್ಮೇ. ಕಂದು ಕುಬ್ಜ ಎಂದರೆ ಗ್ರಹವೂ ಅಲ್ಲದ, ನಕ್ಷತ್ರವೂ ಆಗಲಾರದ ಕಾಯ. ಗುರು ಗ್ರಹದಷ್ಟೇ ಅಗಲ, ಆದರೆ ಅದರ ಹತ್ತಾರು ಪಟ್ಟು ತೂಕ. ಅಷ್ಟು ತೂಕವಿದ್ದರೂ ನಕ್ಷತ್ರದ ಹಾಗೆ ಒಲೆ ಹೊತ್ತಿಸಿಕೊಳ್ಳಲು ಸಾಲದು. ಅಂಥದ್ದು ಬಿಸಿ ನಕ್ಷತ್ರದ ಪಕ್ಕದಲ್ಲಿ ಸುತ್ತುವುದು ಅಪರೂಪ, ಸಿಕ್ಕಿದರೂ ಸಾಬೀತು ಮಾಡುವುದು ಕಷ್ಟ. ನಮ್ಮ ಪ್ರಿನ್ಸಿಪಾಲರಿಗೆ ಇದನ್ನೆಲ್ಲ ವಿವರಿಸಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಕುಬ್ಜ ಅಂದ್ರೆ ಕುಳ್ಳ ಅಲ್ವೇನ್ರೀ? ಕುಳ್ಳನ್ನ ಹುಡುಕಾಕೆ ಅಷ್ಟು ದೂರ ಯಾಕೆ ಹೋಗ್ಬೇಕು?" ಎಂದರು. ಅವರೇ ಐದಡಿ ಇರಲಿಲ್ಲ, ಹಾಗಾಗಿ ನಾನು ನಗಲಿಲ್ಲ.

ಮೂರೇ ತಿಂಗಳಲ್ಲಿ ನನಗೆ ಗುಳಿ ಸಿಕ್ಕಿತು. ಎರಡು ವಾರದ ಅಂತರದಲ್ಲಿ ಎರಡು, ಒಂದೇ ಆಳ. ನಾನು ಹಿಂದೆಮುಂದೆ ನೋಡದೆ ಇಡೀ ಸ್ಟಾಫ್ ರೂಮಿಗೆ ಮಂಡಕ್ಕಿ ಮಿರ್ಚಿ ತರಿಸಿದೆ. ಫೈನಲ್ ಬಿ.ಎಸ್ಸಿ.ಯ ಮಂಜುಳಾ ಎಂಬ ಹುಡುಗಿ ಪೇಪರ್ ಪ್ಲೇಟಿನಲ್ಲಿ ಹಾಕಿ ಎಲ್ಲರಿಗೂ ಹಂಚಿದಳು. ಸೊಕ್ಕೆ ಊರಿನವಳು, ದಿನಾ ಬಸ್ಸಿಗೆ ಬರುತ್ತಿದ್ದಳು. ಹಂಚುತ್ತಾ ನನ್ನ ಗ್ರಾಫನ್ನೇ ನೋಡುತ್ತಿದ್ದಳು. ನಾಲ್ಕು ದಿನದ ನಂತರ ವಸುಧಾ ಮೇಡಂ ಉತ್ತರ ಬರೆದರು: ಆ ಎರಡು ದಿನ ಆ ಕ್ಯಾಮೆರಾ ನೋಡಿದ ಎಲ್ಲ ನಕ್ಷತ್ರಗಳೂ ಮಂಕಾಗಿವೆ, ಉಪಗ್ರಹದ ಒಳಗೇ ಬೆಳಕು ಚದುರಿದ್ದರಿಂದ ಹಾಗಾಗಿದೆ, ಪಕ್ಕದ ನಾಲ್ಕು ನಕ್ಷತ್ರ ನೋಡಿದ್ದರೆ ನಿಮಗೇ ತಿಳಿಯುತ್ತಿತ್ತು. ಅಲ್ಲಿಂದ ಮುಂದೆ ಜಗಳೂರಿನಲ್ಲಿ ಇದ್ದಷ್ಟು ದಿನ ಕನ್ನಡ ಮೇಷ್ಟ್ರು ನನ್ನನ್ನು ಕಂಡಾಗಲೆಲ್ಲ, "ಮೇಡಂ, ಮತ್ತೆ ಮಿರ್ಚಿ ಯಾವಾಗ?" ಎನ್ನುತ್ತಿದ್ದರು. ಹೊಸಬರೇ, ನೀವು ಮೊದಲು ಕಲಿಯಬೇಕಾದದ್ದು ಇದು. ಸಿಕ್ಕಿತು ಎಂದು ಕುಣಿಯುವ ಮೊದಲು ಪಕ್ಕದ ಮನೆಯಲ್ಲೂ ಕರೆಂಟು ಹೋಗಿದೆಯೇ ಎಂದು ನೋಡಿಕೊಳ್ಳಿ.

ಮಿರ್ಚಿಯ ಅವಮಾನ ನನ್ನನ್ನು ನ್ಯಾಮತಿಯಲ್ಲಿ ಬುದ್ಧಿವಂತಳನ್ನಾಗಿ ಮಾಡಿತು. ಅಲ್ಲಿಗೆ ವರ್ಗವಾದಾಗ ಕಾಲೇಜು ಸಣ್ಣದು, ಮಕ್ಕಳು ಕಡಿಮೆ, ಬಿಡುವು ಹೆಚ್ಚು. ಉಪಗ್ರಹದ ಬೆಳಕಿನ ಗೆರೆ ಎಂದೂ ನೆಟ್ಟಗಿರುವುದಿಲ್ಲ. ಯಂತ್ರ ಕಾಯುತ್ತದೆ, ತಣಿಯುತ್ತದೆ, ಅದಕ್ಕೆ ತಕ್ಕಂತೆ ಗೆರೆ ಏರಿ ಇಳಿದು ಸುಕ್ಕಾಗಿರುತ್ತದೆ. ಆ ಸುಕ್ಕು ತೆಗೆದು ಗೆರೆಯನ್ನು ಚಪ್ಪಟೆ ಮಾಡಿದರೆ ಗುಳಿ ಮಾತ್ರ ಉಳಿದು ಸ್ಪಷ್ಟವಾಗಿ ಕಾಣುತ್ತದೆ. ಇದಕ್ಕೆ ನಾನೇ ಒಂದು ಪ್ರೋಗ್ರಾಂ ಬರೆದು 'ಇಸ್ತ್ರಿ' ಎಂದು ಹೆಸರಿಟ್ಟೆ. ಎಂಥ ಸುಕ್ಕಿದ್ದರೂ ಒಂದೇ ಸಲಕ್ಕೆ ನೀಟು. ವಸುಧಾ ಮೇಡಂ ಮೆಚ್ಚಿ ಬೇರೆ ಕಾಲೇಜಿನವರಿಗೂ ಕಳಿಸಿಕೊಟ್ಟರು. ಯಾವ್ಯಾವುದೋ ಊರಿನ ಮೇಷ್ಟ್ರುಗಳು ಫೋನ್ ಮಾಡಿ, "ಇಸ್ತ್ರಿ ಗಿರಿಜಾ ಮೇಡಮ್ಮಾ?" ಎಂದು ಕೇಳುತ್ತಿದ್ದರು. ಕೇಳಿಸಿಕೊಳ್ಳಲು ಹಿತವಾಗಿರುತ್ತಿತ್ತು. ನ್ಯಾಮತಿಯಲ್ಲಿ ಇದ್ದ ವರ್ಷಗಳಲ್ಲಿ ನಲವತ್ತಕ್ಕೂ ಹೆಚ್ಚು ಬಿಸಿ ನಕ್ಷತ್ರಗಳಿಗೆ ಇಸ್ತ್ರಿ ಹಾಕಿದೆ. ಅವುಗಳಲ್ಲಿ ಗುಳಿ ಇದ್ದವೂ ಇದ್ದವು. ಆದರೆ ಕಂದು ಕುಬ್ಜವೋ, ಗ್ರಹವೋ, ಸಣ್ಣ ಕೆಂಪು ನಕ್ಷತ್ರವೋ ಹೇಳಲು ಆಗಲಿಲ್ಲ. ಮೂರರದ್ದೂ ಅಗಲ ಹೆಚ್ಚುಕಡಿಮೆ ಒಂದೇ, ತೂಕ ಮಾತ್ರ ಬೇರೆ. ಗುಳಿ ಅಗಲ ಹೇಳುತ್ತದೆ, ತೂಕ ಹೇಳುವುದಿಲ್ಲ. ಹಾಗಾಗಿ ಅವನ್ನೆಲ್ಲ 'ತಿಳಿಯದು' ಎಂಬ ಫೋಲ್ಡರಿಗೆ ಹಾಕಿ ಮುಚ್ಚಿದೆ.

ಆಮೇಲೆ ಚನ್ನಗಿರಿ. ಹೊನ್ನಾಳಿಯಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ, ಎಚ್‌ಒಡಿ ಆಗಿದ್ದೆ. ಆ ವರ್ಷ ಅತಿಥಿ ಉಪನ್ಯಾಸಕಿಯಾಗಿ ಬಂದವಳು ಅದೇ ಮಂಜುಳಾ. ಎಂ.ಎಸ್ಸಿ. ಮುಗಿಸಿದ್ದಳು, ಸಂತೇಬೆನ್ನೂರಿನಲ್ಲಿ ರೂಮು ಮಾಡಿಕೊಂಡಿದ್ದಳು. ನಮಸ್ಕಾರ ಮಾಡಿ, "ಮಿರ್ಚಿ ಹಂಚಿದ್ದೆ ಮೇಡಂ, ನೆನಪೈತಾ?" ಎಂದಳು. ನೆನಪಿಲ್ಲದೆ ಏನು. ನನಗೆ ಖುಷಿಯೇ ಆಯಿತು. ಅವಳಿಗೆ ಇಸ್ತ್ರಿ ಕಲಿಸಿಕೊಟ್ಟೆ, ಅಭ್ಯಾಸಕ್ಕೆಂದು ಒಂದು ಬಿಸಿ ನಕ್ಷತ್ರದ ಕಡತ ಕೊಟ್ಟೆ. ಅದು ನಾನು ನ್ಯಾಮತಿಯಲ್ಲಿ ನೋಡಿ ಮುಚ್ಚಿದ್ದೇ, ಹೊಸದೇನೂ ಅಲ್ಲ.

ಒಂದು ವಾರ ಬಿಟ್ಟು ಅವಳು ಎರಡು ಹಾಳೆ ಹಿಡಿದು ಬಂದಳು. ಒಂದು ಇಸ್ತ್ರಿ ಹಾಕಿದ್ದು, ಇನ್ನೊಂದು ಹಾಕದ್ದು.

"ಮೇಡಂ, ಇದನ್ನ ಯಾಕೆ ತೆಗೀತೀರಿ?"

"ಯಾವುದನ್ನ?"

"ಈ ಅಲೆನ. ಎರಡೂವರೆ ದಿನಕ್ಕೊಂದು ಗುಳಿ ಬೀಳ್ತೈತಲ್ರಿ, ಗುಳಿಯಿಂದ ಗುಳಿಗೆ ಸರಿಯಾಗಿ ಎರಡು ಉಬ್ಬು ಬರ್ತಾವೆ. ಯಂತ್ರದ ಸುಕ್ಕಾದ್ರೆ ಅದಕ್ಕೆ ಗುಳಿಯ ಲೆಕ್ಕ ಹೆಂಗೆ ಗೊತ್ತಾಗ್ಬೇಕು?"

ನಾನು ಹಾಳೆ ನೋಡಿದೆ. ಹತ್ತು ಸಾವಿರದಲ್ಲಿ ಎರಡು ಪಾಲಿನಷ್ಟು ಸಣ್ಣ ಅಲೆ. ಭಾರದ ಕಾಯ ಹತ್ತಿರದಲ್ಲಿ ಸುತ್ತಿದರೆ ನಕ್ಷತ್ರವನ್ನು ಎಳೆದು ಉದ್ದುದ್ದ ಮಾಡುತ್ತದೆ. ಆ ಉದ್ದದ ಮಗ್ಗುಲು ನಮ್ಮ ಕಡೆ ತಿರುಗಿದಾಗ ಬೆಳಕು ಹೆಚ್ಚು, ತುದಿ ತಿರುಗಿದಾಗ ಕಡಿಮೆ. ಒಂದು ಸುತ್ತಿಗೆ ಎರಡು ಉಬ್ಬು. ಗ್ರಹವಾದರೆ ಅಷ್ಟು ಎಳೆಯಲಾರದು, ಕೆಂಪು ನಕ್ಷತ್ರವಾದರೆ ಇನ್ನೂ ಜೋರಾಗಿ ಎಳೆಯುತ್ತದೆ. ಅಂದರೆ ತೂಕ ಇದ್ದದ್ದೇ ಆ ಅಲೆಯಲ್ಲಿ. ನಾನು ತೂಕ ಸಿಗುತ್ತಿಲ್ಲ ಎಂದು ಅಳುತ್ತಾ ವರ್ಷಗಟ್ಟಲೆ ಅದನ್ನೇ ಇಸ್ತ್ರಿ ಹಾಕಿ ಅಳಿಸುತ್ತಿದ್ದೆ.

ಇದು ನನಗೆ ಪುಸ್ತಕದಲ್ಲಿ ಗೊತ್ತಿದ್ದ ವಿಷಯವೇ. ಪಾಠದಲ್ಲಿ ಹೇಳಿಯೂ ಇದ್ದೆ. ಪ್ರೋಗ್ರಾಂ ಬರೆಯುವಾಗ ನೆನಪಾಗಲಿಲ್ಲ, ಆಮೇಲೆ ಹೊಗಳಿಕೆ ಬಂದದ್ದರಿಂದ ಮತ್ತೆ ಅದನ್ನು ಮುಟ್ಟಿ ನೋಡಲಿಲ್ಲ. ಗುರುವಿಗೇ ತಿರುಮಂತ್ರ ಎನ್ನುತ್ತಾರಲ್ಲ, ಅದಾಯಿತು. ಮಂಜುಳಾ ನನ್ನ ಮುಖ ನೋಡುತ್ತಾ ನಿಂತಿದ್ದಳು. "ನೋಡ್ತೀನಿ, ಇಟ್ಟು ಹೋಗು" ಎಂದೆ. ಅವಳ ಬೆನ್ನು ಬಾಗಿಲಾಚೆ ಹೋದ ಮೇಲೆ ನನ್ನ ಹೊಟ್ಟೆಯೊಳಗೆ ಹಸಿ ಮೆಣಸಿನಕಾಯಿ ಅರೆದಂತಾಯಿತು. ಒಂದು ವಾರ. ಅದೂ ಸಂತೇಬೆನ್ನೂರಿನ ರೂಮಿನಲ್ಲಿ, ಕೀಬೋರ್ಡಿನ ಎರಡು ಅಕ್ಷರ ಕಿತ್ತುಹೋದ ಲ್ಯಾಪ್‌ಟಾಪಿನಲ್ಲಿ.

ಅವತ್ತಿನಿಂದ ನಾನು ತಪ್ಪು ಹುಡುಕಲು ಕೂತೆ. ಸತ್ಯ ತಿಳಿಯಬೇಕೆಂದಲ್ಲ, ಅವಳು ಹೇಳಿದ್ದು ಸುಳ್ಳಾಗಬೇಕೆಂದು. ಉಪಗ್ರಹದ ಕಣ್ಣು ಒರಟು, ಅಕ್ಕಪಕ್ಕದ ನಕ್ಷತ್ರಗಳ ಬೆಳಕೂ ಒಟ್ಟಿಗೆ ಸೇರಿಕೊಳ್ಳುತ್ತದೆ, ಆದ್ದರಿಂದ ಮೊದಲ ದಿನ ಪಕ್ಕದ ನಕ್ಷತ್ರಗಳನ್ನೆಲ್ಲ ಜಾಲಾಡಿದೆ. ಅಲ್ಲಿ ಏನೂ ಇರಲಿಲ್ಲ. ಎರಡನೇ ದಿನ ಗುಳಿಗಳನ್ನು ಒಂದು ಬಿಟ್ಟು ಒಂದು ಜೋಡಿಸಿ ಆಳ ಅಳೆದೆ. ಎರಡು ನಕ್ಷತ್ರ ಒಂದನ್ನೊಂದು ಮುಚ್ಚುತ್ತಿದ್ದರೆ ಆಳ ಬೇರೆಬೇರೆ ಬರಬೇಕು, ಬರಲಿಲ್ಲ. ಮೂರನೇ ದಿನ, ಬಿಸಿ ನಕ್ಷತ್ರಗಳು ತಾವಾಗಿಯೇ ಮಿಡಿಯುವುದುಂಟು, ಈ ಅಲೆ ಅದೇ ಇರಬಹುದೆಂದು ಆಸೆಪಟ್ಟೆ. ಮಿಡಿತವಾದರೆ ಸುತ್ತಿನ ಅರ್ಧಕ್ಕೆ ಇಷ್ಟು ಕರಾರುವಾಕ್ಕಾಗಿ ಹೊಂದಬೇಕಿರಲಿಲ್ಲ. ನಾಲ್ಕನೇ ದಿನ, ಉಪಗ್ರಹ ಎರಡು ವರ್ಷದ ನಂತರ ಮತ್ತೆ ಅದೇ ಆಕಾಶ ನೋಡಿದ್ದ ಕಡತ ತೆಗೆದೆ. ಅದೇ ಗುಳಿ, ಅದೇ ಅಲೆ, ಅದೇ ಜಾಗದಲ್ಲಿ. ನನ್ನ ಯಜಮಾನರು ಹೊನ್ನಾಳಿಯಲ್ಲಿ ಮೆಡಿಕಲ್ ಶಾಪ್ ನಡೆಸುತ್ತಾರೆ, ನನ್ನ ಮುಖ ನೋಡಿಯೇ ರೋಗ ಹೇಳುತ್ತಾರೆ. ಅವತ್ತು ಊಟಕ್ಕೆ ಕೂತಾಗ, "ಯಾರ ಮೇಲೆ ಉರ್ಕಂತಿದೀಯ? ನಾಕು ದಿನದಿಂದ ಅನ್ನ ಸೇರ್ತಿಲ್ಲ ನಿನಗೆ" ಎಂದರು. ಅಸಿಡಿಟಿ ಎಂದೆ. ಮಾತ್ರೆ ಕೊಟ್ಟರು.

ಮಂಜುಳಾ ಅಷ್ಟರಲ್ಲಿ ವಸುಧಾ ಮೇಡಮ್ಮಿಗೆ ಬರೆದಿದ್ದಳು. ಅವರು, ಇದು ನಿಜವಿದ್ದರೆ ದೊಡ್ಡ ದೂರದರ್ಶಕದಲ್ಲಿ ನೋಡಲೇಬೇಕು, ಸಮಯ ಕೇಳಿ ಅರ್ಜಿ ಹಾಕು, ವಿಭಾಗದ ಮುಖ್ಯಸ್ಥರ ಪರಿಶೀಲನೆ ಮತ್ತು ಸಹಿ ಬೇಕು ಎಂದಿದ್ದರು. ಅರ್ಜಿಗೆ ಕೊನೆಯ ದಿನ ಇನ್ನೂ ಮೂರು ವಾರ ಇತ್ತು. ಆ ನಕ್ಷತ್ರ ಕಾಣುವುದು ಚಳಿಗಾಲದಲ್ಲಿ ಮಾತ್ರ. ತಪ್ಪಿದರೆ ಒಂದು ವರ್ಷ ಕಾಯಬೇಕು, ಅಷ್ಟರೊಳಗೆ ಜಗತ್ತಿನ ಯಾವ ಮೂಲೆಯವರು ಬೇಕಾದರೂ ಅದನ್ನು ಕಂಡುಹಿಡಿದು ತಮ್ಮದೆನ್ನಬಹುದು. ಕಡತ ಎಲ್ಲರಿಗೂ ತೆರೆದೇ ಇದೆಯಲ್ಲ. ಇದೆಲ್ಲ ನನಗೆ ಅವಳಿಗಿಂತ ಚೆನ್ನಾಗಿ ಗೊತ್ತಿತ್ತು. ಅವಳು ಅರ್ಜಿ ತಂದು ಮೇಜಿನ ಮೇಲಿಟ್ಟಳು. ನಾನು ತೆಗೆದು ಡ್ರಾಯರಿನಲ್ಲಿ, ಇಂಟರ್ನಲ್ ಪರೀಕ್ಷೆಯ ಉತ್ತರ ಪತ್ರಿಕೆಗಳ ಕೆಳಗೆ ಇಟ್ಟೆ.

ಎರಡು ಸಲ ಕೇಳಿದಳು. ಮೊದಲ ಸಲ, "ಮೇಡಂ, ಆ ಅರ್ಜಿ…" ಎಂದಳು. "ನೋಡ್ತಿದೀನಿ" ಎಂದೆ. ಎರಡನೇ ಸಲ ಬಾಗಿಲ ಹತ್ತಿರ ನಿಂತು, "ಇನ್ನೂ ನೋಡಾಕೆ ಐತೇನು ಮೇಡಂ?" ಎಂದಳು. "ಅವಸರಕ್ಕೆ ಬಿದ್ದು ನಾನು ಒಂದು ಸಲ ಮಿರ್ಚಿ ಹಂಚಿದ್ದು ಮರ್ತೆಯಾ?" ಎಂದೆ. ಅವಳು ತಲೆಯಾಡಿಸಿ ಹೋದಳು. ನನ್ನ ಹಳೆಯ ಅವಮಾನವನ್ನೇ ಅವಳ ಬಾಯಿ ಮುಚ್ಚಲು ಬಳಸಿದ್ದೆ. ಕೊನೆಯ ದಿನ ಶುಕ್ರವಾರ. ಆ ದಿನ ನಾನು ಸಂಜೆ ಐದರವರೆಗೂ ಕಾಲೇಜಿನಲ್ಲೇ ಇದ್ದೆ, ಪೆನ್ನು ಕೈಯಲ್ಲೇ ಇತ್ತು, ಬೇರೆ ಏನೇನಕ್ಕೋ ಸಹಿ ಹಾಕಿದೆ. ಡ್ರಾಯರಿಗೆ ಬೀಗವೇನೂ ಹಾಕಲಿಲ್ಲ. ಬಸ್ಸಿನಲ್ಲಿ ಹೊನ್ನಾಳಿಗೆ ವಾಪಸ್ಸು ಬರುವಾಗ ಹಾಲಪ್ಪ ಮೇಷ್ಟ್ರ ನೆನಪಾಯಿತು, ಕಿಟಕಿಯಾಚೆ ನೋಡುತ್ತಾ ಕೂತೆ.

ಸೋಮವಾರ ಅವಳಿಗೆ, ಪರಿಶೀಲನೆ ಮುಗಿಯಲಿಲ್ಲ ಎಂದೆ. "ಹಂಗೇ ಆಗ್ಲಿ ಮೇಡಂ" ಎಂದಳು. ಜಗಳವಾಡುತ್ತಾಳೆ, ವಸುಧಾ ಮೇಡಮ್ಮಿಗೆ ದೂರು ಹೇಳುತ್ತಾಳೆ ಎಂದುಕೊಂಡಿದ್ದೆ. ಏನೂ ಮಾಡಲಿಲ್ಲ. ಸೆಮಿಸ್ಟರ್ ಮುಗಿಯುವವರೆಗೂ ಪಾಠ ಮಾಡಿದಳು. ನಕ್ಷತ್ರದ ಮಾತು ಮತ್ತೆ ಎತ್ತಲೇ ಇಲ್ಲ. ಮುಂದಿನ ಸಲ ಅತಿಥಿ ಉಪನ್ಯಾಸಕರ ಪಟ್ಟಿ ಬಂದಾಗ ಅವಳ ಹೆಸರಿರಲಿಲ್ಲ. ಅವಳು ಅರ್ಜಿಯನ್ನೇ ಹಾಕಿರಲಿಲ್ಲ ಎಂದು ಕ್ಲರ್ಕ್ ಹೇಳಿದರು.

ಗೆದ್ದೆ ಎಂದು ನನಗೆ ಅನ್ನಿಸಬೇಕಿತ್ತು. ಅನ್ನಿಸಿತು ಕೂಡ, ಸುಮಾರು ಒಂದು ವಾರ. ಆಮೇಲೆ ನಾನೇ ಆ ನಕ್ಷತ್ರವನ್ನು ಮುಂದುವರಿಸೋಣವೆಂದು ಅವಳು ಕಳಿಸಿದ್ದ ಕಡತ ತೆರೆದೆ. ಅಲೆಯ ಮೇಲೆ ಅವಳು ಬಣ್ಣದ ಗುರುತು ಹಾಕಿದ್ದಳು, ಒಂದು ಮೂಲೆಯಲ್ಲಿ 'ಮೇಡಂ ಹತ್ತಿರ ಕೇಳಬೇಕು' ಎಂದು ಬರೆದಿದ್ದಳು. ಮುಚ್ಚಿದೆ. ಮಾರನೆಯ ಭಾನುವಾರ ದಾವಣಗೆರೆ ಮೇಲೆ ಜಗಳೂರಿಗೆ, ಅಲ್ಲಿಂದ ಸೊಕ್ಕೆಗೆ ಬಸ್ಸು ಹಿಡಿದೆ.

ಅವಳ ಮನೆ ಕೇಳಿದಾಗ ಅಂಗಡಿಯವರು, "ಫಿಸಿಕ್ಸ್ ಮಂಜುಳನ ಮನೇನಾ? ಆ ನೀಲಿ ಬಾಗ್ಲು" ಎಂದು ತೋರಿಸಿದರು. ಎರಡು ಕೋಣೆಯ ಮನೆ, ಗೋಡೆಯಲ್ಲಿ ಬುದ್ಧನ ಪಟ, ಪಕ್ಕದಲ್ಲಿ ಅವಳು ಪದವಿ ಪಡೆಯುತ್ತಿರುವ ಫೋಟೋ. ಪಡಸಾಲೆಯಲ್ಲಿ ನಾಲ್ಕೈದು ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದಳು. ನನ್ನನ್ನು ನೋಡಿ ಗಾಬರಿಯಾಗಿ ಎದ್ದಳು, ಮಕ್ಕಳನ್ನು ಕಳಿಸಿದಳು. ಅವಳ ತಾಯಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು, "ಕುತ್ಕಳ್ರಿ ಮೇಡಂ, ಬಿಸ್ಲಾಗೆ ಬಂದೀರಿ" ಎಂದು ಚಾಪೆ ಹಾಸಿದರು.

ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತೊಂದೂ ನೆನಪಿಗೆ ಬರಲಿಲ್ಲ. "ನಿನ್ನ ಅರ್ಜಿ ನನ್ನ ಡ್ರಾಯರಿನಲ್ಲೇ ಇತ್ತು" ಎಂದೆ.

"ಗೊತ್ತು ಮೇಡಂ. ಚಾಕ್‌ಪೀಸ್ ತಗಳಾಕೆ ತೆಗ್ದಾಗ ನೋಡಿದ್ದೆ."

"ಯಾವಾಗ?"

"ಕೊನೇ ದಿನಕ್ಕೆ ಇನ್ನೂ ಒಂದು ವಾರ ಇತ್ತು."

"ಮತ್ತೆ ಯಾಕೆ ಕೇಳಲಿಲ್ಲ? ಜಗಳ ಆಡಬೇಕಿತ್ತು ನೀನು."

ಅವಳು ಚಾಪೆಯ ಕಡ್ಡಿ ಕೀಳುತ್ತಾ ಕೂತಿದ್ದಳು. "ನಿಮಗೆ ಏನೋ ತಪ್ಪು ಸಿಕ್ಕೈತೆ ಅನ್ಕಂಡೆ ಮೇಡಂ. ನಾನು ಬೇಜಾರ್ ಮಾಡ್ಕಂತೀನಿ ಅಂತ ಹೇಳ್ದೆ ಒಳಗಿಟ್ಟೀರಿ, ಕಾಪಾಡಾಕೆ ನೋಡ್ತಿದೀರಿ ಅನ್ಕಂಡೆ. ಮಿರ್ಚಿ ಮಾತು ಬೇರೆ ಆಡಿದ್ರಲ್ಲ. ಆಮೇಲೆ ನಾನೇ ಎಷ್ಟು ಹುಡುಕಿದ್ರೂ ತಪ್ಪು ಸಿಗ್ಲಿಲ್ಲ. ತಪ್ಪು ಇದ್ರೂ ಕಾಣಂಗಿಲ್ಲ ಅಂದ್ರೆ ಈ ಕೆಲ್ಸ ನನ್ ಕೈಲಿ ಆಗಲ್ಲ ಅಂತ ಬಿಟ್ಬಿಟ್ಟೆ. ಫೈಲೂ ಅಳಿಸ್ದೆ."

ನನ್ನ ಹೊಟ್ಟೆಕಿಚ್ಚನ್ನು ಅವಳು ಕನಿಕರವೆಂದು ತಿಳಿದಿದ್ದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆದುಕೊಳ್ಳಲು ಆಗಲಿಲ್ಲ, ಕಣ್ಣಲ್ಲಿ ನೀರು ಬಂತು. ಅವಳ ತಾಯಿ ಮಜ್ಜಿಗೆ ಲೋಟ ಹಿಡಿದು ಬಂದವರು ನನ್ನನ್ನೂ ಮಗಳನ್ನೂ ನೋಡಿ, ಲೋಟ ಕೆಳಗಿಟ್ಟು ಒಳಗೆ ಹೋದರು.

"ತಪ್ಪು ಇರಲಿಲ್ಲ" ಎಂದೆ. "ನಾಲ್ಕನೇ ದಿನವೇ ನನಗೆ ಗೊತ್ತಾಗಿತ್ತು. ಹೊಟ್ಟೆ ಉರಿಯಿತು ಮಂಜುಳಾ, ಅದಕ್ಕೇ ಇಟ್ಟುಕೊಂಡೆ. ಬೇರೆ ಕಾರಣ ಯಾವುದೂ ಇಲ್ಲ."

"ನಾಕನೇ ದಿನ?"

"ಹೂಂ. ನಾಲ್ಕನೇ ದಿನ."

ಅವಳು ಎದ್ದು ನಿಂತಳು. ಪರವಾಗಿಲ್ಲ ಎನ್ನಲಿಲ್ಲ. ನಾನು ಅದಕ್ಕಾಗಿ ಕಾಯುತ್ತಿದ್ದೆ, ಅವಳು ಕೊಡಲಿಲ್ಲ. ಒಳಗೆ ಹೋಗಿ ಟ್ಯೂಷನ್ ಮಕ್ಕಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು, ಪೆನ್ನಿನ ಜೊತೆ ತಂದು ನನ್ನ ಮುಂದಿಟ್ಟಳು.

"ಬರ್ದು ಕೊಡ್ರಿ ಮೇಡಂ. ಏನೇನು ನೋಡಿದ್ರಿ, ಹೆಂಗೆ ನೋಡಿದ್ರಿ, ತಪ್ಪು ಸಿಗ್ಲಿಲ್ಲ ಅಂತ. ಬಾಯ್ಮಾತಿಗೆ ನನಗೆ ಇನ್ನು ಧೈರ್ಯ ಬರಲ್ಲ."

ಬರೆದೆ. ನಾಲ್ಕು ದಿನದ ನಾಲ್ಕು ಪರೀಕ್ಷೆ ಒಂದೊಂದಾಗಿ ಬರೆದು, ಕೆಳಗೆ 'ತಪ್ಪು ಸಿಗಲಿಲ್ಲ' ಎಂದು ಬರೆದು ಸಹಿ ಹಾಕಿದೆ. ನನ್ನ ಬಳಿ ಇದ್ದ ಕಡತದ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ತಂದಿದ್ದೆ, ಅದನ್ನೂ ಕೊಟ್ಟೆ. ಅವಳು ಹಾಳೆಯನ್ನು ಎರಡು ಸಲ ಓದಿ ಮಡಚಿಟ್ಟುಕೊಂಡು, ಮಜ್ಜಿಗೆ ಲೋಟ ನನ್ನ ಕಡೆ ಸರಿಸಿ, "ಕುಡೀರಿ, ಬಸ್ಸಿಗೆ ಹೊತ್ತಾಗ್ತೈತೆ" ಎಂದಳು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಅವಳು ಜಗಳೂರು ಕಾಲೇಜಿಗೆ ಅರ್ಜಿ ಹಾಕಿ ಅತಿಥಿ ಉಪನ್ಯಾಸಕಿಯಾದಳು. ನನ್ನ ಹಾಳೆಯನ್ನು ಲಗತ್ತಿಸಿ ದೂರದರ್ಶಕದ ಸಮಯ ಕೇಳಿ ಬರೆದಳು. ಒಂದು ಚಳಿಗಾಲ ಹಾಳಾಗಿತ್ತು, ಎರಡನೆಯದು ಸಿಕ್ಕಿತು. ಆ ವರ್ಷವೆಲ್ಲ ನಾನು ಪ್ರತಿ ಬೆಳಿಗ್ಗೆ ಎದ್ದು, ಯಾರಾದರೂ ಆ ನಕ್ಷತ್ರವನ್ನು ಪ್ರಕಟಿಸಿದ್ದಾರೆಯೇ ಎಂದು ಹೊಸ ಲೇಖನಗಳ ಪಟ್ಟಿ ನೋಡುತ್ತಿದ್ದೆ. ಯಾರೂ ಪ್ರಕಟಿಸಲಿಲ್ಲ. ಅದು ನನ್ನ ಅದೃಷ್ಟವೇ ಹೊರತು ನನ್ನ ಒಳ್ಳೆಯತನವಲ್ಲ. ಬಿಸಿ ನಕ್ಷತ್ರ ಬುಗುರಿಯಂತೆ ವೇಗವಾಗಿ ತಿರುಗುವುದರಿಂದ ಅದರ ವರ್ಣಪಟಲದ ಗೆರೆಗಳು ಅಗಲಕ್ಕೆ ಹರಡಿ ಮಸುಕಾಗಿರುತ್ತವೆ, ಅವು ಅತ್ತಿತ್ತ ಸರಿಯುವುದನ್ನು ಅಳೆದು ಜೊತೆಗಾರನ ತೂಕ ತಿಳಿಯುವುದು ಹೆಣಗಾಟ. ವಸುಧಾ ಮೇಡಂ ತಂಡದವರು ಹೆಣಗಿದರು. ಬಂದ ತೂಕ ಅಲೆ ಹೇಳಿದ ತೂಕಕ್ಕೆ ಹೊಂದಿತು. ಕಂದು ಕುಬ್ಜವೇ.

ಲೇಖನದಲ್ಲಿ ಮೊದಲ ಹೆಸರು ಮಂಜುಳಾಳದು, ನನ್ನದು ಮೂರನೆಯದು. ನನ್ನ ನಾಲ್ಕು ಪರೀಕ್ಷೆಗಳಿಗೆ ಒಂದು ಇಡೀ ಭಾಗ ಕೊಟ್ಟಿದ್ದಾರೆ. ಇಷ್ಟು ಅಕ್ಕರೆಯಿಂದ ಯಾರೂ ಪರೀಕ್ಷೆ ಮಾಡಿದ್ದು ನೋಡಿಲ್ಲ ಎಂದು ವಸುಧಾ ಮೇಡಂ ಫೋನಿನಲ್ಲಿ ಹೇಳಿದರು, ನಾನು ಹೂಂ ಎಂದೆ. ಇಸ್ತ್ರಿಯ ಪ್ರಸ್ತಾಪ ಒಂದೇ ವಾಕ್ಯದಲ್ಲಿದೆ, ಇಂಥ ವಿಧಾನ ಬಳಸಿದರೆ ಅಲೆ ಅಳಿಸಿಹೋಗುತ್ತದೆ ಎಂಬ ಎಚ್ಚರಿಕೆಯಲ್ಲಿ. ಆ ವಾಕ್ಯ ಓದಿದಾಗ ಮತ್ತೆ ಉರಿಯಿತು. ಈಗಲೂ ಉರಿಯುತ್ತದೆ. ಪಶ್ಚಾತ್ತಾಪವಾದರೆ ಹೊಟ್ಟೆಕಿಚ್ಚು ಹೋಗುತ್ತದೆ ಎಂದು ಹೇಳುವವರನ್ನು ನಂಬಬೇಡಿ. ಅದು ಎಲ್ಲೂ ಹೋಗುವುದಿಲ್ಲ. ಅದಕ್ಕೆ ಕೆಲಸ ಕೊಡಬಹುದು, ಆದರೆ ಸಹಿ ಹಾಕುವ ಪೆನ್ನನ್ನು ಮಾತ್ರ ಅದರ ಕೈಗೆ ಕೊಡಬಾರದು. ಹೊಸಬರಿಗೆ ನಾನು ಹೇಳುವುದು ಇಷ್ಟೇ.

ನಾನು ನಿವೃತ್ತಳಾದ ದಿನ ಮಂಜುಳಾ ಚನ್ನಗಿರಿಗೆ ಬಂದಿದ್ದಳು. ಎಲ್ಲರೂ ಹೋದ ಮೇಲೆ ನ್ಯಾಮತಿಯ ಆ 'ತಿಳಿಯದು' ಫೋಲ್ಡರ್ ಕೇಳಿದಳು. "ಇಸ್ತ್ರಿ ಹಾಕದೆ ಒಂದೊಂದಾಗಿ ನೋಡ್ತೀನಿ ಮೇಡಂ. ಏನಾದ್ರೂ ಸಿಕ್ರೆ ನಿಮಗೇ ಮೊದ್ಲು ಕಳಿಸ್ತೀನಿ. ನಿಮ್ಮಷ್ಟು ಹೊಟ್ಟೆ ಉರ್ಕಂಡು ತಪ್ಪು ಹುಡುಕೋರು ನನಗೆ ಬೇರೆ ಯಾರೂ ಇಲ್ಲ. ಆದ್ರೆ ನಾಕೇ ದಿನ." ಅವಳು ನಗುತ್ತಿದ್ದಾಳೋ ಇಲ್ಲವೋ ಎಂದು ಅವಳ ಮುಖ ನೋಡಿದೆ. ನಗುತ್ತಿರಲಿಲ್ಲ. ಕೊಟ್ಟೆ.

ಇಲ್ಲಿಯವರೆಗೆ ಮೂರು ಕಳಿಸಿದ್ದಾಳೆ. ಎರಡರಲ್ಲಿ ನಿಜವಾಗಿಯೂ ತಪ್ಪು ಸಿಕ್ಕಿತು, ಒಂದರಲ್ಲಿ ಪಕ್ಕದ ನಕ್ಷತ್ರದ ಬೆಳಕು ಬೆರೆತಿತ್ತು, ಇನ್ನೊಂದು ಬರೀ ಮಿಡಿತ. ಬರೆದು ಕಳಿಸುವಾಗ ನನಗಾದ ಸಂತೋಷ ಹೇಳಿಕೊಳ್ಳುವಂಥದ್ದಲ್ಲ. ಮೂರನೆಯದು ಮೊನ್ನೆ ಸೋಮವಾರ ಬಂತು. ನ್ಯಾಮತಿಯಲ್ಲಿ ನಾನು ಒಂದು ಮಧ್ಯಾಹ್ನ ಇಸ್ತ್ರಿ ಹಾಕಿ, ಟೀ ಕುಡಿದು, ಮುಚ್ಚಿಟ್ಟಿದ್ದ ನಕ್ಷತ್ರ ಅದು. ನಾನು ಹಾಕಿದ್ದ ದಿನಾಂಕ ಕೂಡ ಕಡತದಲ್ಲಿ ಹಾಗೇ ಇದೆ. ಗುಳಿ ಸಣ್ಣದು, ಅಲೆ ಮಾತ್ರ ನಿಚ್ಚಳ. ಮಂಗಳವಾರ, ಬುಧವಾರ ಎಲ್ಲ ಮೂಲೆಯನ್ನೂ ಕೆದಕಿದೆ. ಇವತ್ತು ಗುರುವಾರ. ಬೆಳಿಗ್ಗೆ ಅಂಗಡಿಗೆ ಹೊರಟ ಯಜಮಾನರು ಚಪ್ಪಲಿ ಮೆಟ್ಟುತ್ತಾ, "ಮಾತ್ರೆ ಕೊಡ್ಲಾ?" ಎಂದರು. ಬೇಡವೆಂದೆ.

ಇಷ್ಟು ಬರೆದು ಮುಗಿಸುವ ಮೊದಲು ಅವಳಿಗೆ ಉತ್ತರ ಕಳಿಸಿದೆ. ಏನೇನು ನೋಡಿದೆ, ಹೇಗೆ ನೋಡಿದೆ ಎಂದು ವಿವರವಾಗಿ ಬರೆದು, ಕೆಳಗೆ ಎರಡು ಪದ ಬರೆಯಲು ಅರ್ಧ ಗಂಟೆ ಹಿಡಿಯಿತು. ತಪ್ಪು ಸಿಗಲಿಲ್ಲ.